ಕೆರೆಗೆ ಜೆಸಿಬಿ ಇಳಿಸುವ ಮೊದಲು

ಬೇಸಿಗೆ ಬಂತೆಂದರೆ ಊರೂರಲ್ಲೂ ಹೂಳೆತ್ತುವ ಮಾತು. ಚಂದಾ ಎತ್ತುತ್ತಾರೆ, ಜೆಸಿಬಿ ತರಿಸುತ್ತಾರೆ, ಫೋಟೋ ತೆಗೆಸುತ್ತಾರೆ. ಮಳೆ ಬಂದ ಮೇಲೂ ಎಷ್ಟೋ ಕೆರೆ ಖಾಲಿ. ನೀರು ಬರುವ ದಾರಿಯನ್ನೇ ಯಾರೂ ನೋಡಿರುವುದಿಲ್ಲ.

ಹಾಗಾಗಿ ಮೊದಲ ಕೆಲಸ ನಡೆಯುವುದು. ಗದ್ದೆಗಳಿಗೆ ಕೆರೆ ನೀರು ಹಂಚುವ ಊರಿನ ನೀರುಗಂಟಿಯನ್ನು ಕರೆದುಕೊಂಡು, ಗ್ರಾಮ ನಕ್ಷೆ ಹಿಡಿದು, ಕಾಲುವೆಗುಂಟ ಮೇಲಕ್ಕೆ ಹೋಗಿ. ಎಲ್ಲಿ ಒತ್ತುವರಿಯಾಗಿದೆ, ಯಾವ ಮೋರಿ ಕಟ್ಟಿಕೊಂಡಿದೆ, ಗುರುತು ಹಾಕಿ. ಕಾಲುವೆ ಬಿಡಿಸದೆ ಕೆರೆ ಅಗೆದರೆ ನಲ್ಲಿ ಇಲ್ಲದ ಮನೆಗೆ ಸಂಪು ಕಟ್ಟಿದ ಹಾಗೆ.

ಆಮೇಲೆ ಸಭೆ. ಅಚ್ಚುಕಟ್ಟಿನಲ್ಲಿ, ಅಂದರೆ ಕೆರೆ ನೀರು ಹರಿಯುವ ಜಮೀನಿನಲ್ಲಿ, ಗದ್ದೆ ಇರುವವರು ಕರೆಯದಿದ್ದರೂ ಬರುತ್ತಾರೆ. ಮನೆಗೇ ಹೋಗಿ ಕರೆಯಬೇಕಾದದ್ದು ಜಮೀನಿಲ್ಲದವರನ್ನು: ಕುರಿ ಮೇಯಿಸುವವರು, ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ಕೆರೆಯಂಗಳದ ಬಳ್ಳಾರಿ ಜಾಲಿ ಕಡಿದು ಸೌದೆ ಒಯ್ಯುವ ಹೆಂಗಸರು. ಜಾಲಿಯನ್ನು ಬುಡಸಮೇತ ಕೀಳಲೇಬೇಕು, ಸುಮ್ನೆ ಕಡಿದರೆ ಮತ್ತೆ ಚಿಗುರುತ್ತದೆ. ಆದರೆ ಒಂದೇ ವಾರದಲ್ಲಿ ಎಲ್ಲಾ ಕಿತ್ತರೆ ಅವರ ಒಲೆ ಉರಿಯುವುದು ಹೇಗೆ? ಎರಡು ಮೂರು ಕಂತಿನಲ್ಲಿ ಕೀಳಿ, ಸೌದೆ ಅವರಿಗೇ ಬಿಡಿ.

ಒಪ್ಪಿಗೆ ಪತ್ರ ಬೇಕು. ಅಚ್ಚುಕಟ್ಟು 40 ಹೆಕ್ಟೇರಿನೊಳಗಿದ್ದರೆ ಸಾಮಾನ್ಯವಾಗಿ ಪಂಚಾಯ್ತಿ, ಅದಕ್ಕಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆ.

ಈಗ ಅಗೆತ. ಒಂದು ಎಕರೆಯಲ್ಲಿ ಒಂದು ಅಡಿ ಹೂಳು ತೆಗೆದರೆ ಸುಮಾರು 12 ಲಕ್ಷ ಲೀಟರ್ ನೀರಿಗೆ ಜಾಗವಾಗುತ್ತದೆ. ಟ್ರೇಲರಿಗೆ 3 ಘನ ಮೀಟರ್ ಹಿಡಿದರೂ ಅದು 400 ಲೋಡು! ಈ ಗೋಡು ಮಣ್ಣು ಹೊಲಕ್ಕೆ ಹೋಗಲಿ, ಇಟ್ಟಿಗೆ ಗೂಡಿಗಲ್ಲ. ಬಾಡಿಗೆ ಕೊಡಲಾಗದ ಸಣ್ಣ ರೈತರಿಗೆ ಮೊದಲ ಲೋಡುಗಳನ್ನು ಚಂದಾ ಹಣದಲ್ಲೇ ಹೊಡೆಸಿ. ಏರಿಯ ಬುಡಕ್ಕೆ ಕೈ ಹಾಕಬೇಡಿ, ಏರಿ ಕುಸಿಯುತ್ತದೆ. ತಳದ ಜೇಡಿ ಪದರ ಸಿಕ್ಕಿದ ಕೂಡಲೇ ನಿಲ್ಲಿಸಿ. ಅದನ್ನೂ ಒಡೆದರೆ ನೀರು ನಿಲ್ಲುವುದಿಲ್ಲ.

ಅಂಚನ್ನು ಇಳಿಜಾರಾಗಿಯೇ ಬಿಡಿ. ನಾನು ನೋಡಿದ ಒಂದು ಕೆರೆಯಲ್ಲಿ ಗುತ್ತಿಗೆದಾರರು ದಂಡೆಯನ್ನು ಗೋಡೆಯಂತೆ ಕಡಿದಿದ್ದರು. ನೀರೇನೋ ತುಂಬಿತ್ತು. ನಾಲ್ಕು ಎಮ್ಮೆ ಮೇಲೆ ನಿಂತು ಕತ್ತು ಚಾಚುತ್ತಿದ್ದವು, ಇಳಿಯಲು ದಾರಿಯಿಲ್ಲ. ಕಾಯುತ್ತಿದ್ದ ಅಜ್ಜಿ ಕೊಡದಲ್ಲಿ ಮೊಗೆದು ಮೊಗೆದು ಕುಡಿಸುತ್ತಿದ್ದರು. ತೆಳು ನೀರಿಲ್ಲದಿದ್ದರೆ ಕೊಕ್ಕರೆಗಳೂ ಬರುವುದಿಲ್ಲ, ಅಲ್ವಾ? ಇಷ್ಟೆಲ್ಲಾ ಕೆಡಿಸಿ ಸುತ್ತ ವಾಕಿಂಗ್ ಪಾತ್ ಹಾಕಿಸುವವರನ್ನು ಕಂಡರೆ ನನಗೆ ಸಿಟ್ಟು.

ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ಕೋಡಿಯನ್ನು ಎತ್ತರಿಸುವ ಆಸೆ ಬೇಡ. ಹಿನ್ನೀರು ನಿಂತು ಮೇಲಿನವರ ಹೊಲ ಮುಳುಗಿದರೆ ಕೆರೆಯ ಜೊತೆ ಜಗಳವೂ ತುಂಬುತ್ತದೆ.

ಕೊನೆಗೆ ಗದ್ದೆಗೆ ನೀರು ಬಿಡುವ ತೂಬು. ಅದನ್ನು ಯಾವಾಗ ತೆರೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು, ನೀರುಗಂಟಿಗೆ ಗೊತ್ತು. ಹಿಂದೆ ಸುಗ್ಗಿಯಲ್ಲಿ ಕಣದಿಂದಲೇ ಅವರಿಗೆ ಕಾಳು ಅಳೆದು ಕೊಡುತ್ತಿದ್ದರು. ಈಗ ಹೆಚ್ಚಿನ ಕಡೆ ಅದಿಲ್ಲ. ಎಕರೆಗೆ ಇಷ್ಟು ಎಂದು ಅವರ ಸಂಬಳವನ್ನು ಮೊದಲ ಸಭೆಯಲ್ಲೇ ಬರೆದುಕೊಳ್ಳಿ, ಜೆಸಿಬಿ ಬಾಡಿಗೆಗೂ ಮೊದಲು.