ಆರ್ಕಿಡ್ ಕುಂಡದ ನೊರಜು: ಕೊನೆಗೂ ಕೈ ಹಿಡಿದದ್ದು ಸೊಳ್ಳೆ ಔಷಧಿ

"ಚರಂಡಿಗೆ ಬಿಡೋದನ್ನ ಆರ್ಕಿಡ್‌ಗೆ ಹಾಕ್ತೀರಾ?" ಎಂದು ನಕ್ಕಿದ್ದ ಗೆಳೆಯರೇ ಈಗ ಬಾಟಲಿಯ ಫೋಟೋ ಕಳಿಸಿ ಅನ್ನುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಬರೆದೇ ಬಿಡುತ್ತೇನೆ.

ನನ್ನದು ಬೆಂಗಳೂರಿನ ಫ್ಲ್ಯಾಟ್, ಪೂರ್ವದ ಕಿಟಕಿ, ಅರವತ್ತೋ ಎಪ್ಪತ್ತೋ ಗಿಡ. ಜಾಸ್ತಿ ಫಲನಾಪ್ಸಿಸ್ ಎಂಬ ಜಾತಿಯ ಆರ್ಕಿಡ್. ನೊರಜು, ಅಂದರೆ ಒದ್ದೆ ಕುಂಡದಲ್ಲಿ ಮರಿ ಮಾಡುವ ಪುಟ್ಟ ನೊಣ, ಮನೆಗೆ ಬಂದದ್ದೂ ಅವುಗಳ ಜೊತೆಗೇ. ನರ್ಸರಿಗಳಲ್ಲಿ ಬೇರಿನ ಸುತ್ತ ಮಾಸ್ (ಒಣಗಿಸಿದ ಪಾಚಿ) ಬಿಗಿಯಾಗಿ ತುರುಕಿರುತ್ತಾರಲ್ಲ, ನಮ್ಮ ಜುಲೈ ಮಳೆಯಲ್ಲಿ ಅದು ಹತ್ತು ದಿನವಾದರೂ ಒಣಗುವುದಿಲ್ಲ.

ಮೊದಲು ವಿನೆಗರ್ ಬಟ್ಟಲು ಇಟ್ಟೆ. ಬಿದ್ದದ್ದೆಲ್ಲ ಬಾಳೆಹಣ್ಣಿನ ನೊಣ, ಕಂದು ಮೈ, ಕೆಂಪು ಕಣ್ಣಿನದು. ನಮ್ಮ ಗಿರಾಕಿ ಬೇರೆ: ಕಪ್ಪು, ಉದ್ದ ಕಾಲು, ಹಾರುವುದಕ್ಕಿಂತ ಕುಂಡದ ಮೇಲೆ ಓಡಾಡುವುದೇ ಜಾಸ್ತಿ. ಬೇವಿನೆಣ್ಣೆಯಿಂದ ಎಲೆಗೆ ಜಿಡ್ಡು, ಮನೆಗೆ ವಾಸನೆ, ಅಷ್ಟೇ. ಚಕ್ಕೆ ಪುಡಿ ಉದುರಿಸಿದ ಕುಂಡದಲ್ಲಿ ನೊರಜು ಹಾಗೇ ಇತ್ತು, ಬೇರು ಮಾತ್ರ ಸುಕ್ಕಾಯಿತು. 3% ಹೈಡ್ರೋಜನ್ ಪೆರಾಕ್ಸೈಡನ್ನು ನಾಲ್ಕು ಪಾಲು ನೀರಿಗೆ ಬೆರೆಸಿ ಹೊಯ್ದಾಗ ಬುಸ್ಸೆಂದು ನೊರೆ ಬಂತು, ಮರಿ ಸತ್ತವು. ವಾರ ಕಳೆದರೆ ಮತ್ತೆ ಹಾಜರ್! ಹಳದಿ ಅಂಟು ಹಾಳೆಗೇ ಎಂಟುನೂರು, ಸಾವಿರ ಸುರಿದಿರಬೇಕು. ಅದಕ್ಕೆ ಸಿಗುವುದು ದೊಡ್ಡವು. ಒಂದು ಹೆಣ್ಣು ವಾರದ ಆಯುಸ್ಸಿನಲ್ಲೇ ನೂರಕ್ಕೂ ಮೇಲೆ ಮೊಟ್ಟೆ ಇಟ್ಟು ಹೋಗಿರುತ್ತದೆ. ಹಾಳೆ ಎಣಿಕೆಗೆ ಒಳ್ಳೆಯದು, ಹತೋಟಿಗಲ್ಲ.

ಮರಿ ಇದೆಯೋ ಇಲ್ಲವೋ ನೋಡಲು ಆಲೂಗಡ್ಡೆಯೇ ಸಾಕು. ತೆಳ್ಳಗೆ ಬಿಲ್ಲೆ ಕೊಯ್ದು ಮಾಸ್ ಮೇಲೆ ಒತ್ತಿಡಿ. ಎರಡು ದಿನ ಬಿಟ್ಟು ತಿರುಗಿಸಿ. ಗಾಜಿನ ನೂಲಿನಂಥ ಹುಳ, ತುದಿಯಲ್ಲಿ ಮಿರಮಿರ ಮಿನುಗುವ ಕಪ್ಪು ತಲೆ, ಹೊಟ್ಟೆಯೊಳಗೆ ತಿಂದದ್ದರ ಕಪ್ಪು ಗೆರೆ. ಒಂದು ಕುಂಡದ ಬಿಲ್ಲೆಯಲ್ಲಿ ಇಪ್ಪತ್ತಕ್ಕೂ ಮೇಲಿದ್ದವು. ಯುದ್ಧ ಮಾಸ್ ಒಳಗೆ ಎಂದು ಆಗಲೇ ಖಾತ್ರಿಯಾಯಿತು. ಮರದ ತುಂಡಿಗೆ ಕಟ್ಟಿ ತೂಗುಹಾಕಿದ ಸೀತಾಳೆ ದಂಡೆ ಎಂಬ ಆರ್ಕಿಡ್‌ನ ಹತ್ತಿರ ಒಂದೂ ಸುಳಿಯುತ್ತಿರಲಿಲ್ಲ ನೋಡಿ. ಬರಿ ಬೇರು, ಕೊಳೆಯಲು ಏನೂ ಇಲ್ಲ.

ಮಾಸ್ ಒಳಗಿನ ಮರಿಗೆಂದು ಬಿಟಿ (ಹುಳು ಕೊಲ್ಲುವ ಬ್ಯಾಕ್ಟೀರಿಯಾದ ಔಷಧಿ) ಕೊಡಿ ಎಂದು ಗಿಡದ ಔಷಧಿ ಅಂಗಡಿಯಲ್ಲಿ ಕೇಳಿದರೆ ಕೊಟ್ಟದ್ದು ಕೋಸಿನ ಹುಳುವಿನ ಬಿಟಿ. ಅದು ಕುರ್ಸ್ಟಾಕಿ ಎಂಬ ತಳಿ, ಕಂಬಳಿಹುಳು ಜಾತಿಗೆ. ನಾನೂರು ರೂಪಾಯಿ ನೀರಲ್ಲಿ ಹೋಮ. ನೊರಜಿಗೆ ಬೇಕಾದ್ದು ಇಸ್ರೇಲೆನ್ಸಿಸ್ ಎಂಬ ತಳಿ, ಚರಂಡಿಯಲ್ಲಿ ಸೊಳ್ಳೆ ಮರಿಗೆ ಬಿಡುವ ಬಿಟಿಐ. ಅದಕ್ಕೆ ಸಾವಿರದ ಆಸುಪಾಸು ಬಿತ್ತು. ಬಾಟಲಿ ಇನ್ನೂ ಮುಗಿದಿಲ್ಲ.

ಸಂಜೆ ಬಕೆಟ್ಟಿನಲ್ಲಿ ಕಲಸಿ, ಕುಂಡವನ್ನು ಅಂಚಿನವರೆಗೆ ಅರ್ಧ ಗಂಟೆ ಮುಳುಗಿಸಿಟ್ಟೆ. ತಳಕ್ಕೆ ಕೂರುತ್ತದೆ, ನಡುನಡುವೆ ಕಲಕಬೇಕು. ಮರಿ ತಿಂದರೆ ಮಾತ್ರ ಸಾಯುವುದು. ತಿನ್ನುವುದು ಬಿಟ್ಟು ಕೋಶವಾಗಿ ಕೂತದ್ದಕ್ಕೂ ಹಾರುವ ದೊಡ್ಡದಕ್ಕೂ ಏನೂ ಆಗಲ್ಲ. ಹಾಗಾಗಿ ವಾರಕ್ಕೊಮ್ಮೆ, ಒಂದು ತಿಂಗಳ ಮೇಲೆ ಬಿಡದೆ ಮಾಡಿದೆ. ಮೊದಲ ಎರಡು ವಾರ ಏನೂ ವ್ಯತ್ಯಾಸ ಕಾಣಲಿಲ್ಲ. ಬಹಳ ಜನ ಕೈಬಿಡುವುದೇ ಅಲ್ಲಿ. ಒಣಮಾಸ್ ಒಳಕ್ಕೆ ನೀರು ಇಳಿಯಲು ನಾನು ಬೆರೆಸುವ ಇನ್ನೊಂದು ಚಮಚ ಯಾವುದು ಅಂತ ಸದ್ಯಕ್ಕೆ ಹೇಳಲ್ಲ!

ಆರ್ಕಿಡ್ ಒಂದಕ್ಕೇ ಹಾಕಿದರೆ ಸಾಲದು. ನಮ್ಮನೆಯ ಮನಿಪ್ಲಾಂಟ್ ಕುಂಡಕ್ಕೆ ದಿನಾ ಕಾಫಿ ಚರಟ ಬೀಳುತ್ತಿತ್ತು, ನೊರಜಿಗೆ ಅದೇ ತವರು. ಚರಟ ನಿಲ್ಲಿಸಿ, ಅದಕ್ಕೂ ತುಳಸಿಗೂ ಅದೇ ದಿನ ಅದೇ ನೀರು ಹಾಕಿದೆ.

ಇದರ ಮಧ್ಯೆ ಡ್ರಾಸೆರಾ ಎಂಬ ಕೀಟ ಹಿಡಿಯುವ ಗಿಡವನ್ನೂ ತಂದಿದ್ದೆ. ಚೆನ್ನಾಗಿಯೇ ಹಿಡಿಯಿತು, ಎಲೆಯೆಲ್ಲ ಕಪ್ಪು ಚುಕ್ಕಿ. ಆದರೆ ನಮ್ಮ ಬೋರ್‌ವೆಲ್ ನೀರಿನ ಗಡಸು ಅದಕ್ಕೆ ಆಗಿಬರಲ್ಲ. ಈಗ ಆರ್‌ಒ ನೀರಲ್ಲಿ ಎರಡನೆಯದನ್ನು ಸಾಕುತ್ತಿದ್ದೇನೆ, ಸುಮ್ನೆ ಖುಷಿಗೆ.

ಹೂ ಮುಗಿದ ಫಲನಾಪ್ಸಿಸ್‌ಗಳನ್ನೆಲ್ಲ ಪೈನ್ ತೊಗಟೆ, ಇದ್ದಿಲು, ಇಟ್ಟಿಗೆ ಚೂರಿಗೆ ದಾಟಿಸಿದೆ. ತೊಗಟೆಗೇ ಎರಡು ಸಾವಿರ ದಾಟಿತು. ನೀರು ಬೇಗ ಆರುತ್ತದೆ, ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಹಾಕಬೇಕು. ಅದು ನನಗೆ ಒಪ್ಪಿಗೆ. ಹೊಸ ಗಿಡ ಬಂದರೆ ತಿಂಗಳು ಬಚ್ಚಲಿನ ಕಿಟಕಿಯಲ್ಲಿ. ಆಲೂ ಬಿಲ್ಲೆ ಚೊಕ್ಕಟವಾಗಿ ಎದ್ದ ಮೇಲೆಯೇ ಉಳಿದವುಗಳ ಪಕ್ಕಕ್ಕೆ.