ತೋಟದ ರಸ್ತೆಗೆ ಇಳಿಯುವ ಕಾರಿಗೆ ಪೆಟ್ರೋಲ್ ಲೈನ್ ಎಳೆಯುವ ಕ್ರಮ

ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ರಸ್ತೆಯಲ್ಲಿ ರ‍್ಯಾಲಿಗೆಂದು ಕಾರು ಸಿದ್ಧಪಡಿಸುವವರು ಎಂಜಿನ್‌ ಮತ್ತು ಸಸ್ಪೆನ್ಷನ್‌ಗಳಿಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ಒಯ್ಯುವ ಲೈನನ್ನು ಮಾತ್ರ ಕೊನೆಯ ಸಂಜೆ ಅವಸರದಲ್ಲಿ ಎಳೆದು ಮುಗಿಸುವುದುಂಟು. ಲೈನಿನ ದಾರಿಯನ್ನು ಹೋಸ್ (ಬಾಗುವ ಕೊಳವೆ) ಕೊಳ್ಳುವ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಎಷ್ಟು ಉದ್ದ ಬೇಕು, ಹೋಸಿನ ತುದಿಗೆ ಕೂರಿಸುವ ಲೋಹದ ಜೋಡಣೆ, ಅಂದರೆ ಫಿಟ್ಟಿಂಗ್, ಯಾವುದು ನೇರವಾಗಿರಬೇಕು, ಯಾವುದು 45 ಅಥವಾ 90 ಡಿಗ್ರಿ ಬಾಗಿರಬೇಕು ಎಂಬುದೆಲ್ಲ ಆ ದಾರಿಯನ್ನೇ ಅವಲಂಬಿಸಿದೆ.

ಹಳೆಯ ಲೈನ್ ಬಿಚ್ಚುವ ಮುನ್ನ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಬೇಕು. ನಂತರ ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದುದರಿಂದ ವರ್ಕ್‌ಶಾಪಿನ ಗುಂಡಿಯಲ್ಲಿ ತಂಗಿ ನಿಲ್ಲುತ್ತದೆ. ಆದ್ದರಿಂದ ಈ ಕೆಲಸವನ್ನು ಗುಂಡಿಯ ಮೇಲೆ ಮಾಡದೆ, ಗಾಳಿಯಾಡುವ ಸಮತಟ್ಟಾದ ಜಾಗದಲ್ಲಿ ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಮಾಡುವುದು ಲೇಸು. ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟಕುವಂತಿರಲಿ.

ಈಗ ದಾರಿಯ ವಿಚಾರ. ಹೋಸಿನಷ್ಟೇ ದಪ್ಪದ ಹಗ್ಗವೊಂದನ್ನು ಕಾರಿನ ಕೆಳಗೆ ಟ್ಯಾಂಕಿನಿಂದ ಎಂಜಿನ್‌ವರೆಗೆ ಕಟ್ಟಿ ನೋಡಿ. ಆಮೇಲೆ ಕಾರಿನಡಿ ಮಲಗಿ, ಮುಂದಿನ ಚಕ್ರ ಎಸೆಯುವ ಕಲ್ಲು ಎಲ್ಲಿಗೆ ಬಡಿಯುತ್ತದೆ, ದಿಣ್ಣೆಗೆ ತಗುಲುವ ಭಾಗ ಯಾವುದು, ಸೈಲೆನ್ಸರ್ ಪೈಪು ಎಲ್ಲಿ ಹಾದುಹೋಗುತ್ತದೆ ಎಂಬುದನ್ನು ಗಮನಿಸಿ. ಲೈನ್ ಚಾಸಿಸ್ ಪಟ್ಟಿಯ ಒಳಬದಿಯಲ್ಲಿ, ಅದರ ಕೆಳ ಅಂಚಿಗಿಂತ ಮೇಲಿರಬೇಕು. ಸೈಲೆನ್ಸರ್ ಇರುವ ಬದಿಯನ್ನು ಬಿಟ್ಟು ಇನ್ನೊಂದು ಬದಿಯಲ್ಲಿ ಸಾಗಬೇಕು. ಬೇರೆ ದಾರಿಯೇ ಇಲ್ಲದಿದ್ದರೆ ನಡುವೆ ತಗಡಿನ ಅಡ್ಡಿ ಹಾಗೂ ಶಾಖ ತಡೆಯುವ ಕವಚ ಎರಡೂ ಬೇಕು. ಲೈನನ್ನು ವೈರಿಂಗ್ ಜೊತೆ ಒಂದೇ ಕಟ್ಟಾಗಿ ಕಟ್ಟುವುದು ಎಂದಿಗೂ ಸಲ್ಲದು. ಕ್ಯಾಬಿನ್ ಒಳಗಿಂದ ಒಯ್ಯುವುದಾದರೆ, ಹಿಂದಿನ ಮತ್ತು ಮುಂದಿನ ಗೋಡೆಗಳಲ್ಲಿ ಬಲ್ಕ್‌ಹೆಡ್ ಫಿಟ್ಟಿಂಗ್ (ಗೋಡೆಯ ತೂತಿಗೆ ಬಿಗಿದು ಎರಡೂ ಕಡೆ ಲೈನ್ ಜೋಡಿಸುವಂಥದ್ದು) ಇರಲಿ, ನಡುವೆ ಒಂದೂ ಜೋಡಣೆ ಬೇಡ. ರ‍್ಯಾಲಿಯ ಅಂತರರಾಷ್ಟ್ರೀಯ ನಿಯಮವೂ ಇದನ್ನೇ ಹೇಳುತ್ತದೆ.

ಮೇಲೆ ಸ್ಟೀಲ್ ಜಾಲರಿ ಇರುವ ಹೋಸ್ ನೋಡಲು ಗಟ್ಟಿಮುಟ್ಟಾಗಿದ್ದರೂ ಆ ಜಾಲರಿ ಅರದಂತೆ ಕೆಲಸ ಮಾಡುತ್ತದೆಂಬುದನ್ನು ಹಲವರು ಮರೆಯುತ್ತಾರೆ. ನಾನು ಬಿಚ್ಚಿದ ಒಂದು ಕಾರಿನಲ್ಲಿ ಜಾಲರಿ ಉಜ್ಜಿ ಉಜ್ಜಿ ಪಕ್ಕದ ಬ್ರೇಕ್ ಪೈಪನ್ನೇ ಅರ್ಧದಷ್ಟು ಸವೆಸಿತ್ತು. ಪೆಟ್ರೋಲ್ ಲೈನಿಗೆ ಏನೂ ಆಗಿರಲಿಲ್ಲ. ಹೀಗಾಗಿ ಸುಮಾರು 30 ಸೆಂಟಿಮೀಟರಿಗೊಂದರಂತೆ ರಬ್ಬರ್ ಒಳಪದರವಿರುವ ಕ್ಲಿಪ್ ಹಾಕಿ ಬೋಲ್ಟ್ ಬಿಗಿಯಬೇಕು. ಪ್ಲಾಸ್ಟಿಕ್ ಟೈ ಸಾಲದು. ಮಳೆಗಾಲದ ಕೆಸರು ಕ್ಲಿಪ್ಪಿನ ಸಂದಿಯಲ್ಲಿ ಕೂತು ಒಣಗಿದ ಮೇಲೆ ಮರಳು ಕಾಗದದಂತೆ ಉಜ್ಜುವುದರಿಂದ, ನಮ್ಮ ಕಡೆಯಲ್ಲಿ ಪ್ರತಿ ಓಟದ ನಂತರ ಆ ಜಾಗಗಳನ್ನು ತೊಳೆಯುವುದು ಅನಿವಾರ್ಯ. ಎಂಜಿನ್ ತನ್ನ ಮೌಂಟಿನ ಮೇಲೆ ಅಲುಗಾಡುತ್ತದೆ. ಕೊನೆಯ ಕ್ಲಿಪ್ಪಿನಿಂದ ಎಂಜಿನ್‌ವರೆಗಿನ ತುಂಡಿನಲ್ಲಿ ಅದಕ್ಕೆ ತಕ್ಕ ಸಡಿಲ ಉಳಿಸಿ.

ಅಳತೆಯ ವಿಷಯಕ್ಕೆ ಹೆಚ್ಚು ಮಾತು ಬೇಕಿಲ್ಲ. ಇಂಥ ಹೋಸ್ ಮತ್ತು ಫಿಟ್ಟಿಂಗ್‌ಗಳ ಅಳತೆ ಹೇಳುವ ಎಎನ್ (AN) ಸಂಖ್ಯೆ ಇಂಚಿನ ಹದಿನಾರನೇ ಭಾಗಗಳ ಲೆಕ್ಕ: 6 ಎಂದರೆ 3/8 ಇಂಚು, 8 ಎಂದರೆ ಅರ್ಧ ಇಂಚು. ಸಾಧಾರಣ ರ‍್ಯಾಲಿ ಕಾರಿಗೆ 6 ಸಾಕು. ಹೋಸಿನ ಒಳಪದರದ ಬಗ್ಗೆ ಮಾತ್ರ ಜಿಪುಣತನ ಬೇಡ. ಪೆಟ್ರೋಲಿನಲ್ಲಿ ಈಗ ಶೇ. 20ರವರೆಗೆ ಎಥನಾಲ್ ಇರುವುದರಿಂದ ಅದಕ್ಕೆ ಒಗ್ಗದ ಹಳೆಯ ರಬ್ಬರ್ ಉಬ್ಬುತ್ತದೆ, ಇಲ್ಲವೇ ಬಿರಿಯುತ್ತದೆ. ಟೆಫ್ಲಾನ್ ಒಳಪದರಕ್ಕೆ ಆ ತೊಂದರೆಯಿಲ್ಲ. ಆದರೆ ಟೆಫ್ಲಾನ್ ಹೋಸಿಗೆ ಅದರದೇ ಫಿಟ್ಟಿಂಗ್ ಬೇಕು, ರಬ್ಬರ್ ಹೋಸಿನ ಫಿಟ್ಟಿಂಗ್ ಹೊಂದುವುದಿಲ್ಲ.

ಕತ್ತರಿಸುವಾಗ ಹೋಸಿಗೆ ಟೇಪನ್ನು ಬಿಗಿಯಾಗಿ ಸುತ್ತಿ, ಟೇಪಿನ ಮಧ್ಯದಲ್ಲಿ ತೆಳುವಾದ ಕಟಿಂಗ್ ಡಿಸ್ಕಿನಿಂದ ನೇರವಾಗಿ ಕೊಯ್ಯಿರಿ. ಪೆಟ್ರೋಲ್ ಕಂಡ ಹೋಸನ್ನು ಹೀಗೆ ಎಂದೂ ಕೊಯ್ಯಬಾರದು, ಕಿಡಿಯೊಂದೇ ಸಾಕು. ಒಳಗೆ ಉಳಿದ ಪುಡಿಯನ್ನು ಗಾಳಿ ಹೊಡೆದು ತೆಗೆಯದಿದ್ದರೆ ಅದು ಹೋಗಿ ಇಂಜೆಕ್ಟರಿನಲ್ಲಿ ಕೂರುತ್ತದೆ. ಫಿಟ್ಟಿಂಗಿನ ತಿರುಪಿಗೆ ಒಂದು ಹನಿ ಎಣ್ಣೆ ಸವರಿ, ಹೋಸ್ ಹಿಂದೆ ಸರಿಯಿತೇ ಎಂದು ತಿಳಿಯಲು ಅಂಚಿನಲ್ಲಿ ಗುರುತು ಹಾಕಿಕೊಂಡು ಬಿಗಿಯಿರಿ. ಎಎನ್ ಜೋಡಣೆಯಲ್ಲಿ ಸೋರಿಕೆ ತಡೆಯುವುದು 37 ಡಿಗ್ರಿ ಇಳಿಜಾರಿನ ಲೋಹದ ಮುಖಗಳೇ ಹೊರತು ತಿರುಪಲ್ಲ. ಅಲ್ಲಿಗೆ ನಲ್ಲಿಗೆ ಸುತ್ತುವಂತೆ ಬಿಳಿ ಟೇಪು ಸುತ್ತುವ ಅಭ್ಯಾಸವನ್ನು ದಯವಿಟ್ಟು ಬಿಡಿ.

ಎಲ್ಲ ಜೋಡಿಸಿದ ನಂತರ ಬ್ಯಾಟರಿ ಮತ್ತು ಫ್ಯೂಸ್ ಮರಳಿ ಹಾಕಿ, ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಕೀಲಿಯನ್ನು ಮಾತ್ರ ಮೂರು ನಾಲ್ಕು ಸಲ ತಿರುಗಿಸಿ ಪಂಪು ಒತ್ತಡ ತುಂಬುವಂತೆ ಮಾಡಿ. ಪ್ರತಿ ಜೋಡಣೆಯನ್ನೂ ಒಣ ಬಿಳಿ ಕಾಗದದಿಂದ ಒರೆಸಿ ನೋಡಿ. ಕಣ್ಣಿಗೆ ಕಾಣದ ತೇವ ಕಾಗದಕ್ಕೆ ತಾಗುತ್ತದೆ. ಒಣಗಿದ್ದರೆ ಸ್ಟಾರ್ಟ್ ಮಾಡಿ, ಎಂಜಿನ್ ಕಾದ ಮೇಲೆ ಇನ್ನೊಮ್ಮೆ ಒರೆಸಿ. ಮೊದಲ ಸಲ ತೋಟದ ರಸ್ತೆಯಲ್ಲಿ ಓಡಿಸಿ ತಂದ ದಿನವೇ, ಕಾರು ತಣಿದ ಮೇಲೆ, ಮತ್ತೆ ಕೆಳಗೆ ಮಲಗಿ ಪ್ರತಿ ಕ್ಲಿಪ್ಪನ್ನೂ ಕೈಯಿಂದ ಅಲುಗಾಡಿಸಿ ನೋಡಿ.