ರಾಶಿ ಮಾಡುವಾಗ ಕಣ್ಣಿಗೆ ಸುಂಕು ಬಡಿದರೆ

ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸುವಾಗ ಕಣ್ಣಿಗೆ ಖಾರ ತಾಗುವುದು ಇದ್ದದ್ದೇ. ಮೊದಲು ಸೋಪಿನಿಂದ ಕೈ ತೊಳೆಯಿರಿ, ಆಮೇಲೆ ರೆಪ್ಪೆ ಅಗಲಿಸಿ ಹಿಡಿದು 15 ನಿಮಿಷ ಶುದ್ಧ ನೀರು ಹಾಯಿಸಿ. ಸುಣ್ಣ ಸಿಡಿದಿದ್ದರೆ ಕನಿಷ್ಠ 30 ನಿಮಿಷ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಗದಗ ಸೀಮೆಯ ಜೋಳದ ರಾಶಿಯಲ್ಲಿ ಹಾರುವ ಸುಂಕು (ತೆನೆಯಿಂದ ಉದುರುವ ಚುಚ್ಚುವ ಪುಡಿ), ಹೊಟ್ಟು ಇದಕ್ಕಿಂತ ಅಪಾಯ. ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರ ಕಾರ್ನಿಯಾ ಗೀರಿದರೆ, ಆ ಗೀರಿನಿಂದ ಶಿಲೀಂಧ್ರ ಒಳಸೇರಿ ಹುಣ್ಣಾಗಬಹುದು. ಮೊದಲೆರಡು ದಿನ ಬರೀ ಚುಚ್ಚಿದಂತಿರುತ್ತದೆ. ಆಮೇಲೆ ಕೆಂಪು, ನೀರು, ಬೆಳಕು ನೋಡಲಾಗದ ನೋವು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಅಷ್ಟಾಗುವವರೆಗೆ ಕಾಯಬೇಡಿ. ತೊಳೆದ ಮೇಲೂ ಚುಚ್ಚುತ್ತಿದ್ದರೆ ಅದೇ ದಿನ ನೇತ್ರತಜ್ಞರಿಗೆ ತೋರಿಸಿ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ.

ಉಜ್ಜಬೇಡಿ. ಸೆರಗಿನ ತುದಿಯಿಂದ ತೆಗೆಯಬೇಡಿ. ಹರಳೆಣ್ಣೆ, ಎದೆಹಾಲು ಹಾಕಬೇಡಿ. ಎಲ್ಲಕ್ಕಿಂತ ಮುಖ್ಯ, ಔಷಧಿ ಅಂಗಡಿಯಲ್ಲಿ ಕೇಳಿ ಡ್ರಾಪ್ಸ್ ತರಬೇಡಿ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದು ವಾಸಿಯಾದಂತೆ ಕಾಣುತ್ತದೆ, ಒಳಗೆ ಶಿಲೀಂಧ್ರ ಬೆಳೆಯುತ್ತಲೇ ಇರುತ್ತದೆ. ಎಷ್ಟೋ ಕಣ್ಣು ಹಾಳಾಗುವುದು ಇಲ್ಲೇ.

ವೈದ್ಯರು ಹುಣ್ಣನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಶಿಲೀಂಧ್ರ ಕಂಡರೆ ಸಾಮಾನ್ಯವಾಗಿ ಅದನ್ನು ಕೊಲ್ಲುವ ಶೇ 5ರ ನಟಾಮೈಸಿನ್ ಡ್ರಾಪ್ಸ್ ಕೊಡುತ್ತಾರೆ. ಆರಂಭದಲ್ಲಿ ಗಂಟೆಗೊಮ್ಮೆ, ಒಟ್ಟು ಹಲವು ವಾರ. ಔಷಧಿ ತಳದಲ್ಲಿ ಕೂರುವುದರಿಂದ ಪ್ರತಿ ಸಲ ಬಾಟಲಿ ಚೆನ್ನಾಗಿ ಅಲ್ಲಾಡಿಸಿ. ಬೇರೆ ಡ್ರಾಪ್ಸ್ ಇದ್ದರೆ ನಡುವೆ 5 ನಿಮಿಷ ಬಿಡಿ.

ರಾಶಿಗೆ ನಿಲ್ಲುವಾಗ ಪಕ್ಕವೂ ಮುಚ್ಚುವ ಪ್ಲಾಸ್ಟಿಕ್ ಕನ್ನಡಕ ಹಾಕಿ, ಗಾಳಿಗೆ ಬೆನ್ನು ಮಾಡಿ ನಿಲ್ಲಿ.